ಸೊನ್ನೆ ಎಂದು ಬಂದ ಪಿಆರ್: ಆಲೂರು ಕಡೆಯ ಒಂದು ಪ್ರಕರಣ

ಮೇಜಿನ ಮೇಲೆ ಆಕೆ ಮೊದಲು ಇಟ್ಟದ್ದು ಬಟ್ಟೆ ಅಂಗಡಿಯ ಒಂದು ಕವರನ್ನು. ಸ್ತನ ಕ್ಯಾನ್ಸರಿನ ವರದಿಯ ಲಕೋಟೆ ಇನ್ನೂ ಕಂಕುಳಲ್ಲೇ ಇತ್ತು. ಕವರಿನೊಳಗೆ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ಐದಾರು ಇರಬಹುದು, ರಬ್ಬರ್ ಬ್ಯಾಂಡ್ ಸುತ್ತಿ ಜೋಪಾನ ಮಾಡಿದ್ದರು. ಎಲ್ಲವೂ ನೋರೆಥಿಸ್ಟಿರೋನ್, 5 ಮಿಲಿಗ್ರಾಂ. ಹಬ್ಬ, ಮದುವೆ, ಗೃಹಪ್ರವೇಶ ಬಂದಾಗ ಮುಟ್ಟು ಮುಂದಕ್ಕೆ ಹಾಕಲು ನಮ್ಮ ಕಡೆಯ ಹೆಂಗಸರು ಮೆಡಿಕಲ್ ಸ್ಟೋರಿನಲ್ಲಿ ಮೆಲ್ಲಗೆ ಕೇಳಿ ತರುವ ಮಾತ್ರೆ.

"ಹಾಸನಾಂಬೆ ದರ್ಶನಕ್ಕೆ ಅಂತ ಮೂರು ವರ್ಷ ತಗಂಡೆ ಮೇಡಂ. ನಾದಿನಿ ಮನೆ ಗೃಹಪ್ರವೇಶಕ್ಕೆ ಒಂದ್ಸಲ. ಆಮೇಲೆ ಮುಟ್ಟು ನಿಲ್ತಾನೇ ಇರ್ಲಿಲ್ಲ ಅಂತ ಡಾಕ್ಟರಮ್ಮ ಇಪ್ಪತ್ತೊಂದು ದಿನ ಕೊಟ್ಟಿದ್ರು. ಇದ್ರಿಂದ್ಲೇ ಬಂತಾ? ನಾನೇ ಮಾಡ್ಕಂಡಿದ್ದಾ ಇದು?"

ಆಕೆಗೆ 44 ವರ್ಷ. ಆಲೂರಿನಿಂದ ಒಳಗೆ ಒಂದು ಹಳ್ಳಿ. ಎರಡೂವರೆ ಎಕರೆ ಕಾಫಿ, ಗದ್ದೆ ಬದಿಯಲ್ಲಿ ಶುಂಠಿ. ಇಬ್ಬರು ಮಕ್ಕಳು, ಇಬ್ಬರಿಗೂ ಹಾಲೂಡಿಸಿದ್ದಾರೆ. ತಾಯಿ ಮನೆ ಕಡೆಯಾಗಲಿ ತಂದೆ ಮನೆ ಕಡೆಯಾಗಲಿ ಯಾರಿಗೂ ಸ್ತನ ಕ್ಯಾನ್ಸರ್ ಬಂದದ್ದಿಲ್ಲ. ನಾನು ಹಾಸನದಲ್ಲಿ ಪೆಥಾಲಜಿಸ್ಟ್. ನನ್ನ ಕೈಗೆ ಬರುವುದು ಡಬ್ಬಿ, ಆಮೇಲೆ ಮೇಣದ ಬ್ಲಾಕು, ಆಮೇಲೆ ಗಾಜಿನ ಸ್ಲೈಡು, ರೋಗಿ ಅಪರೂಪ. ಆದರೂ ನಮ್ಮಂಥ ಊರಿನಲ್ಲಿ ವರದಿ ಒಯ್ಯಲು ಬಂದವರು ಒಳಗೆ ಬಂದು ಒಂದು ಮಾತು ಕೇಳಿಯೇ ಹೋಗುತ್ತಾರೆ. ಆಕೆಯೂ ಹಾಗೆ ಬಂದರು. ಬರೆಯಲು ಒಪ್ಪಿದ್ದಾರೆ, ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಆಕೆಯ ಭಯವೆಲ್ಲ ಪ್ರೊಜೆಸ್ಟಿರೋನ್ ಮೇಲೆ, ಯಾಕೆಂದರೆ ನೋರೆಥಿಸ್ಟಿರೋನ್ ಪ್ರೊಜೆಸ್ಟಿರೋನಿನ ಕೆಲಸವನ್ನೇ ಮಾಡುವ ಕೃತಕ ಹಾರ್ಮೋನು. ಲಕೋಟೆಯೊಳಗಿನ ಕಾಗದ ಹೇಳುತ್ತಿದ್ದದ್ದು ಬೇರೆ: "ಪಿಆರ್: 0". ಅಂದರೆ ಈ ಗೆಡ್ಡೆಯ ಜೀವಕೋಶಗಳಲ್ಲಿ ಪ್ರೊಜೆಸ್ಟಿರೋನ್ ರಿಸೆಪ್ಟರೇ, ಆ ಹಾರ್ಮೋನಿನ ಕೂಗು ಹಿಡಿಯುವ ಪ್ರೋಟೀನೇ ಇಲ್ಲ, ಪ್ರೊಜೆಸ್ಟಿರೋನ್ ಎಷ್ಟು ಕೂಗಿದರೂ ಇವಕ್ಕೆ ಕೇಳಿಸದು. ಆ ಕಾಗದವೂ ತಪ್ಪಾಗಿತ್ತು. ಅದು ತಪ್ಪಾದದ್ದರಲ್ಲಿ ನನ್ನ ಪಾಲೂ ಇದೆ.

ಶನಿವಾರ ಮಧ್ಯಾಹ್ನದ ಗಂಟು

ಗಂಟು ಕೈಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ, ಸ್ನಾನ ಮಾಡುವಾಗ. ಎಡ ಎದೆಯ ಮೇಲುಭಾಗ, ಹೊರಬದಿಗೆ. ನೋವಿರಲಿಲ್ಲ. ನೋವಿಲ್ಲವೆಂದೇ ಬಿಟ್ಟರು. ಕಾಫಿ ಕೊಯ್ಲು ತಲೆ ಮೇಲೆ ಕೂತಿರುವಾಗ ನೋವಿಲ್ಲದ ಗಂಟಿಗೆ ಒಂದು ದಿನ ಕೊಡುವವರು ಮಲೆನಾಡಿನಲ್ಲಿ ಕಡಿಮೆ. ಫೆಬ್ರವರಿಯಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದರು. ಕೈಯಲ್ಲಿ ಮುಟ್ಟಿ ನೋಡಿ, ಸಾದಾ ಗಂಟಿರಬಹುದೆಂದು ಒಂದು ಶನಿವಾರ ಮಧ್ಯಾಹ್ನ ಆ ಜಾಗವನ್ನಷ್ಟೇ ಮರಗಟ್ಟಿಸಿ ತೆಗೆದುಬಿಟ್ಟರು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಲವತ್ತು ದಾಟಿದ ಹೆಂಗಸಿನ ಎದೆಯಲ್ಲಿ ಗಂಟು ಸಿಕ್ಕರೆ ಮೊದಲು ಕೈಪರೀಕ್ಷೆ, ಆಮೇಲೆ ಮ್ಯಾಮೋಗ್ರಾಂ ಮತ್ತು ಅಲ್ಟ್ರಾಸೌಂಡ್, ಆಮೇಲೆ ಸೂಜಿ ಬಯಾಪ್ಸಿ. ಈ ಮೂರೂ ಆದ ಮೇಲಷ್ಟೇ ಚಾಕು. ಕ್ಯಾನ್ಸರೆಂದು ಮೊದಲೇ ಗೊತ್ತಾಗಿದ್ದರೆ ಆಕೆಗೆ ಒಂದೇ ಆಪರೇಷನ್ ಸಾಕಿತ್ತು, ಎದೆ ಉಳಿಸುವ ಆಪರೇಷನ್ನೇ ಆಗಬಹುದಿತ್ತು.

ತೆಗೆದ ಗಂಟನ್ನು ಹಾಕಲು ಅಂದು ಅಲ್ಲಿ ಫಾರ್ಮಾಲಿನ್ ಇರಲಿಲ್ಲ. ಸ್ಟೀಲ್ ಬಟ್ಟಲಿನಲ್ಲಿ ಸಲೈನ್ ಹಾಕಿ ಇಟ್ಟರು. ಸಂಜೆ ಆರರ ಹೊತ್ತಿಗೆ ಎಲ್ಲಿಂದಲೋ ಫಾರ್ಮಾಲಿನ್ ಬಂತು. ಬಾಯಿ ಕಿರಿದಾದ ಬಾಟಲಿಗೆ ಗಂಟನ್ನು ಇಡಿಯಾಗಿ ತುರುಕಿ ಅದು ಮುಳುಗುವಷ್ಟು ಸುರಿದರು. ಸೋಮವಾರ ಮಧ್ಯಾಹ್ನ ಬಾಟಲಿ ನನ್ನ ಲ್ಯಾಬಿಗೆ ಬಂತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ನಾನೇ ಫೋನು ಮಾಡಿ ಕೇಳಿದಾಗ. ಅವರು ಏನನ್ನೂ ಮುಚ್ಚಿಡಲಿಲ್ಲ, ಅಷ್ಟರ ಮಟ್ಟಿಗೆ ನನಗೆ ಅವರ ಮೇಲೆ ಗೌರವವಿದೆ.

ದೇಹದಿಂದ ಹೊರಬಂದ ಮಾಂಸ ಆ ಕ್ಷಣದಿಂದಲೇ ಕೊಳೆಯಲು ಶುರುಮಾಡುತ್ತದೆ. ರಕ್ತ ನಿಂತಿದೆ, ಆಮ್ಲಜನಕವಿಲ್ಲ, ಜೀವಕೋಶದೊಳಗಿನ ಕಿಣ್ವಗಳು ತಮ್ಮ ಮನೆಯನ್ನೇ ತಿನ್ನತೊಡಗುತ್ತವೆ. ಅದನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವುದು ಫಾರ್ಮಾಲಿನ್, ಇದಕ್ಕೇ ಫಿಕ್ಸೇಷನ್ ಎನ್ನುವುದು. ಸ್ತನದ ಗಂಟಾದರೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ನಿಗೆ ಬೀಳಬೇಕು, ಅದೂ 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್. ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ದ್ರವ ಮಾಂಸದ ಹತ್ತು ಪಟ್ಟು ಇರಬೇಕು. ದೊಡ್ಡ ಗಂಟಾದರೆ ಬ್ರೆಡ್ಡಿನ ಹಾಗೆ ಸೀಳಿ ಹಾಕಬೇಕು, ಯಾಕೆಂದರೆ ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಇಡೀ ಗಂಟನ್ನು ಹಾಕಿದರೆ ಹೊರಗಿನ ಸಿಪ್ಪೆ ಬೇಗ ಗಟ್ಟಿಯಾಗುತ್ತದೆ, ತಿರುಳು ಕಾಯುತ್ತಾ ಕೂರುತ್ತದೆ.

ನಾನು ಅದನ್ನು ಕೊಯ್ದಾಗ ಕಂಡದ್ದೂ ಅದೇ. ಅಂಚು ಬೂದು ಬಣ್ಣ, ಬೆರಳಿಗೆ ಗಟ್ಟಿ. ನಡುವೆ ತಿಳಿ ಗುಲಾಬಿ, ಮೆತ್ತಗೆ. ಅಲ್ಲೇ ವರದಿಯ ಮೊದಲ ಸಾಲಿನಲ್ಲಿ "ಫಿಕ್ಸೇಷನ್ ಸರಿಯಾಗಿಲ್ಲ, ಹಾರ್ಮೋನು ರಿಸೆಪ್ಟರ್ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕು" ಎಂದು ಬರೆಯಬೇಕಿತ್ತು. ಬರೆಯಲಿಲ್ಲ. ಅಂದು ಮೇಜಿನ ಮೇಲೆ ಇನ್ನೂ ಹನ್ನೆರಡು ಡಬ್ಬಿಗಳಿದ್ದವು. ಅದು ಕಾರಣ, ಸಮರ್ಥನೆಯಲ್ಲ.

ಸೂಕ್ಷ್ಮದರ್ಶಕದಡಿ ಅದು ಕ್ಯಾನ್ಸರೆನ್ನುವುದರಲ್ಲಿ ಸಂಶಯವಿರಲಿಲ್ಲ. ಹಾಲಿನ ನಾಳದ ಗೋಡೆ ದಾಟಿ ಹರಡಿದ ಕಾರ್ಸಿನೋಮ, ಗ್ರೇಡ್ 2, ಅಳತೆ 1.8 ಸೆಂಟಿಮೀಟರ್, ಕೊಯ್ದ ಅಂಚಿನವರೆಗೂ ಕ್ಯಾನ್ಸರ್ ಇದೆ. ಬ್ಲಾಕನ್ನು ರಿಸೆಪ್ಟರ್ ಪರೀಕ್ಷೆಗೆ ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿದೆ. ಹತ್ತು ದಿನದ ಮೇಲೆ ಬಂದ ಫಲಿತಾಂಶ: ಈಸ್ಟ್ರೋಜೆನ್ ರಿಸೆಪ್ಟರ್, ಅಂದರೆ ಈಆರ್, ಆಲ್‌ರೆಡ್ ಅಂಕದಲ್ಲಿ (ಎಷ್ಟು ಜೀವಕೋಶ ಬಣ್ಣ ಹಿಡಿದಿವೆ, ಎಷ್ಟು ಗಾಢವಾಗಿ ಎಂದು ನೋಡಿ ಕೊಡುವ ಅಂಕ) ಎಂಟಕ್ಕೆ ಏಳು. ಪಿಆರ್ ಸೊನ್ನೆ. ಜೀವಕೋಶಕ್ಕೆ ಬೆಳೆಯೆಂದು ಸಂಕೇತ ಕೊಡುವ ಹರ್-2 ಪ್ರೋಟೀನು ಒಂದು ಪ್ಲಸ್, ಅಂದರೆ ನೆಗೆಟಿವ್. ಎಷ್ಟು ಜೀವಕೋಶ ವಿಭಜನೆಯ ಹಾದಿಯಲ್ಲಿವೆ ಎಂದು ಹೇಳುವ ಕೆಐ-67 ಸುಮಾರು 18 ಶೇಕಡಾ.

ಪೈಪಿನ ತುದಿಯ ನೀರು

ಈಆರ್ ಏಳಿದ್ದು ಪಿಆರ್ ಸೊನ್ನೆ ಬಂದರೆ ಏನರ್ಥ ಎನ್ನುವುದಕ್ಕೆ ಪಿಆರ್ ಎಲ್ಲಿಂದ ಬರುತ್ತದೆಂದು ತಿಳಿದಿರಬೇಕು. ಈಸ್ಟ್ರೋಜೆನ್ ಜೀವಕೋಶದೊಳಗೆ ಹೋಗಿ ಈಆರ್‌ಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಡಿಎನ್‌ಎ ಮೇಲೆ ಕೂತು ಹಲವು ಜೀನುಗಳನ್ನು ಎಬ್ಬಿಸುತ್ತದೆ. ಹಾಗೆ ಏಳುವ ಜೀನುಗಳಲ್ಲಿ ಒಂದು 11ನೇ ವರ್ಣತಂತುವಿನ ಮೇಲಿದೆ, ಅದರಿಂದ ತಯಾರಾಗುವುದೇ ಪಿಆರ್. ತೋಟದ ಬಾವಿಗೆ ಮೋಟರು ಇಳಿಸಿದೆ ಎನ್ನುವುದು ಒಂದು, ಪೈಪಿನ ತುದಿಯಲ್ಲಿ ನೀರು ಬೀಳುತ್ತಿದೆ ಎನ್ನುವುದು ಇನ್ನೊಂದು. ಈಆರ್ ಮೋಟರು, ಪಿಆರ್ ಬೀಳುವ ನೀರು. ಈ ತರ್ಕವನ್ನು 1975ರಲ್ಲೇ ಅಮೆರಿಕದ ಕ್ಯಾಥರಿನ್ ಹಾರ್ವಿಟ್ಜ್ ಮತ್ತು ವಿಲಿಯಂ ಮೆಕ್‌ಗೈರ್ ಮುಂದಿಟ್ಟಿದ್ದರು: ಪಿಆರ್ ಇದ್ದರೆ ಈಸ್ಟ್ರೋಜೆನ್ ದಾರಿ ಪೂರ್ತಿ ತೆರೆದಿದೆ ಎಂದರ್ಥ, ಆ ದಾರಿ ಮುಚ್ಚುವ ಔಷಧಿ ಕೆಲಸ ಮಾಡುವ ಸಂಭವ ಹೆಚ್ಚು.

ಮೋಟರಿದ್ದೂ ನೀರಿಲ್ಲದ ಗೆಡ್ಡೆಗಳು ನಿಜವಾಗಿಯೂ ಇವೆ. ಕೆಲವದರಲ್ಲಿ ಪಿಆರ್ ಜೀನಿನ ಪ್ರತಿಯೇ ಕಳೆದುಹೋಗಿರುತ್ತದೆ. ಕೆಲವದರಲ್ಲಿ ಹರ್-2ರಂಥ ಬೇರೆ ಬೆಳವಣಿಗೆ ಸಂಕೇತಗಳು ಜೋರಾಗಿ ಪಿಆರ್ ತಯಾರಿಯನ್ನು ತಗ್ಗಿಸಿರುತ್ತವೆ. ಒಟ್ಟಿನಲ್ಲಿ ಪಿಆರ್ ಕಳೆದುಕೊಂಡ ಗೆಡ್ಡೆಗಳು ಪಿಆರ್ ಇರುವವಕ್ಕಿಂತ ತಂಟೆಕೋರವಾಗಿ ನಡೆದುಕೊಳ್ಳುತ್ತವೆ, ಮರಳಿ ಬರುವ ಸಂಭವ ಹೆಚ್ಚು. 2013ರ ಸೇಂಟ್ ಗ್ಯಾಲನ್ ಸ್ತನ ಕ್ಯಾನ್ಸರ್ ಸಮ್ಮೇಳನದ ತಜ್ಞರು ಇದನ್ನು ಲೆಕ್ಕಕ್ಕೆ ತಂದರು: ಈಆರ್ ಪಾಸಿಟಿವ್ ಆಗಿದ್ದರೂ ಪಿಆರ್ 20 ಶೇಕಡಾಕ್ಕಿಂತ ಕಡಿಮೆಯಿದ್ದರೆ ಅದನ್ನು ಸೌಮ್ಯವಾದ ಲೂಮಿನಲ್ ಎ ಗುಂಪಿಗೆ ಸೇರಿಸದೆ ಹೆಚ್ಚು ತಂಟೆಯ ಲೂಮಿನಲ್ ಬಿ ಎಂದು ನೋಡಿ ಎಂದರು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಹಾಕಬೇಕು. ಪಿಆರ್ ಸೊನ್ನೆಯಾದರೆ ಈಸ್ಟ್ರೋಜೆನ್ ದಾರಿ ಮುಚ್ಚುವ ಟ್ಯಾಮೊಕ್ಸಿಫೆನ್ ಮಾತ್ರೆ ಕೊಡುವುದಿಲ್ಲ ಎಂದು ಹಲವರು, ಒಮ್ಮೊಮ್ಮೆ ವೈದ್ಯರೂ, ಅಂದುಕೊಂಡಿರುತ್ತಾರೆ. ಟ್ಯಾಮೊಕ್ಸಿಫೆನ್ ನಿರ್ಧಾರವಾಗುವುದು ಈಆರ್ ಮೇಲೆ. ಸಾವಿರಾರು ಹೆಂಗಸರ ಪ್ರಯೋಗಗಳನ್ನು ಒಟ್ಟು ಮಾಡಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈಆರ್ ಪಾಸಿಟಿವ್ ಇರುವವರಿಗೆ ಐದು ವರ್ಷದ ಟ್ಯಾಮೊಕ್ಸಿಫೆನ್ ಮುಂದಿನ 15 ವರ್ಷದ ಸ್ತನ ಕ್ಯಾನ್ಸರ್ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಪಿಆರ್ ಇರಲಿ ಬಿಡಲಿ ಆ ಲಾಭ ಹೆಚ್ಚು ಬದಲಾಗಲಿಲ್ಲ. ಹಾಗಾದರೆ ಪಿಆರ್ ಯಾಕೆ ಬೇಕು? ಮಾತ್ರೆಯ ಜೊತೆಗೆ ಕೀಮೋಥೆರಪಿಯೂ ಬೇಕೇ ಎಂಬ ಪ್ರಶ್ನೆಗೆ. ಆಕೆಯ ಮೊದಲ ಫಲಿತಾಂಶ ನೋಡಿದ ಕ್ಯಾನ್ಸರ್ ತಜ್ಞರು ಚೀಟಿಯಲ್ಲಿ ಬರೆದದ್ದು "ಲೂಮಿನಲ್ ಬಿ ತರಹ, ಕೀಮೋ ಬಗ್ಗೆ ಯೋಚಿಸಬೇಕು" ಎಂದು. ಇದ್ದ ಕಾಗದಕ್ಕೆ ಅವರ ಮಾತು ಸರಿಯಾಗಿಯೇ ಇತ್ತು.

ಮೂಲೆಯಲ್ಲಿದ್ದ ಹಾಲಿನ ನಾಳ

ಸ್ಟ್ರಿಪ್‌ಗಳ ಕವರು ತಂದ ದಿನ ಆಕೆ ಎದ್ದು ಹೋದ ಮೇಲೆ ನಾನು ಹೊರಗಿನ ಲ್ಯಾಬಿನಿಂದ ಸ್ಲೈಡನ್ನೇ ತರಿಸಿಕೊಂಡೆ. ಆಕೆಯ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಿರಲಿಲ್ಲ.

ರಿಸೆಪ್ಟರ್ ಇರುವ ಜೀವಕೋಶದ ನ್ಯೂಕ್ಲಿಯಸ್ ಈ ಪರೀಕ್ಷೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ತಿಳಿ ನೀಲಿಯಾಗಿ ಉಳಿಯುತ್ತದೆ. ಪಿಆರ್ ಸ್ಲೈಡಿನಲ್ಲಿ ಕ್ಯಾನ್ಸರ್ ಜೀವಕೋಶಗಳೆಲ್ಲ ನೀಲಿ. ಒಂದೂ ಕಂದು ಇಲ್ಲ. ಸ್ಲೈಡನ್ನು ಸರಿಸುತ್ತಾ ಹೋದಾಗ ಬಲ ಮೂಲೆಯಲ್ಲಿ ಆರೋಗ್ಯವಾದ ಹಾಲಿನ ನಾಳದ ಒಂದು ಗೊಂಚಲು ಸಿಕ್ಕಿತು. ಕ್ಯಾನ್ಸರ್ ಮುಟ್ಟದ, ದುಂಡಗಿನ, ಎರಡು ಪದರದ ಅಚ್ಚುಕಟ್ಟಾದ ನಾಳಗಳು. ತಿಂಗಳ ಮುಟ್ಟು ಇನ್ನೂ ಬರುತ್ತಿರುವ ಹೆಂಗಸಿನ ಆರೋಗ್ಯವಂತ ನಾಳದಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ ಪಿಆರ್ ಹೊತ್ತಿರಲೇಬೇಕು. ನೀಲಿ ಸಾಲಿನ ನಡುವೆ ಕಂದು ಚುಕ್ಕಿಗಳು ಕಾಣಬೇಕು. ಈ ನಾಳಗಳಲ್ಲಿ ಅವು ಇರಲಿಲ್ಲ. ಒಂದು ಚುಕ್ಕಿಯೂ ಇರಲಿಲ್ಲ.

ಇರಲೇಬೇಕಾದಲ್ಲೇ ಬಣ್ಣ ಬಂದಿಲ್ಲವೆಂದರೆ ಆ ಸ್ಲೈಡು ಯಾವುದರ ಬಗ್ಗೆಯೂ ಸಾಕ್ಷಿ ಹೇಳಲಾರದು. "ನೆಗೆಟಿವ್" ಅಲ್ಲ ಅದು, "ಪರೀಕ್ಷೆ ಆಗಿಲ್ಲ" ಅಷ್ಟೇ. ಈಆರ್ ಸ್ಲೈಡನ್ನೂ ನೋಡಿದೆ. ಅಲ್ಲಿ ಕಂದು ಇತ್ತು, ಆದರೆ ಇರಬೇಕಾದಷ್ಟು ಗಾಢವಿಲ್ಲ. ತಡವಾಗಿ ಫಾರ್ಮಾಲಿನ್ನಿಗೆ ಬಿದ್ದ ಮಾಂಸದಲ್ಲಿ ಪಿಆರ್ ಈಆರ್‌ಗಿಂತ ಬೇಗ ಅಳಿಸಿಹೋಗುತ್ತದೆ. ಹಾಗಾಗಿ ಇಂಥ ಮಾಂಸದಲ್ಲಿ ಈಆರ್ ಇದ್ದೂ ಪಿಆರ್ ಇಲ್ಲದ ಚಿತ್ರ ಸುಳ್ಳಾಗಿಯೇ ಮೂಡಬಹುದು, ನಿಜವಾದ ಲೂಮಿನಲ್ ಬಿ ಗೆಡ್ಡೆಯನ್ನೇ ಹೋಲುವ ಸುಳ್ಳು.

ಗಂಟಿನ ಹೊರ ಅಂಚಿನಿಂದ ತೆಗೆದ ಇನ್ನೊಂದು ಬ್ಲಾಕು ನನ್ನಲ್ಲಿತ್ತು. ಅದಕ್ಕೆ ಮತ್ತೆ ಪಿಆರ್ ಬಣ್ಣ ಹಾಕಿಸಿದೆ. ಆ ಸ್ಲೈಡನ್ನು ನಾನು ಈಗಲೂ ಎತ್ತಿಟ್ಟಿದ್ದೇನೆ. ತೀರಾ ಹೊರ ಅಂಚಿನಲ್ಲಿ ಕ್ಯಾನ್ಸರ್ ಜೀವಕೋಶಗಳು ಗಾಢ ಕಂದು. ಸ್ವಲ್ಪ ಒಳಗೆ ಹೋದರೆ ತಿಳಿ ಕಂದು. ಇನ್ನೂ ಒಳಗೆ ಹೋದರೆ ನೀಲಿ. ಒಂದೇ ಗೆಡ್ಡೆ, ಒಂದೇ ಬಗೆಯ ಜೀವಕೋಶ. ಅಂಚಿನಲ್ಲಿ ಬಣ್ಣ ಹತ್ತಿ ನಡುವೆ ಬಿಳಿಚಿಕೊಂಡ ಸೀರೆಯ ಹಾಗೆ. ಫಾರ್ಮಾಲಿನ್ ಎಲ್ಲಿಯವರೆಗೆ ಸಕಾಲಕ್ಕೆ ತಲುಪಿತೋ ಅಲ್ಲಿಯವರೆಗೆ ಮಾತ್ರ ಪಿಆರ್ ಉಳಿದಿತ್ತು.

ಆ ಸಂಜೆಯೇ ಕ್ಯಾನ್ಸರ್ ತಜ್ಞರಿಗೆ ಫೋನು ಮಾಡಿ, ಕೀಮೋ ನಿರ್ಧಾರ ಈಗಲೇ ಬೇಡ ಎಂದೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರಿಂದ ಎರಡನೇ ಆಪರೇಷನ್ ಹೇಗೂ ಆಗಬೇಕಿತ್ತು. ಅಲ್ಲಿ ಸಿಗುವ ಮಾಂಸದ ಮೇಲೆ ಎಲ್ಲವನ್ನೂ ಮತ್ತೆ ಪರೀಕ್ಷಿಸುವುದೆಂದು ಮಾತಾಯಿತು.

ಎರಡನೇ ಆಪರೇಷನ್ ಬೆಂಗಳೂರಿನಲ್ಲಾಯಿತು. ಪೂರ್ತಿ ಸ್ತನ ತೆಗೆಯಬೇಕಾಯಿತು. ಕಂಕುಳಿನ 15 ಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ಹಳೆಯ ಗಾಯದ ಪಕ್ಕ 6 ಮಿಲಿಮೀಟರ್ ಗೆಡ್ಡೆ ಉಳಿದಿತ್ತು. ತೆಗೆದ ಇಪ್ಪತ್ತು ನಿಮಿಷಕ್ಕೆ ಸೀಳಿ ಫಾರ್ಮಾಲಿನ್ನಿಗೆ ಹಾಕಿದ್ದರು, ಎರಡೂ ಸಮಯವನ್ನು ಫಾರಮ್ಮಿನಲ್ಲಿ ಬರೆದಿದ್ದರು. ಈಆರ್ ಎಂಟಕ್ಕೆ ಎಂಟು. ಕೆಐ-67 15 ಶೇಕಡಾ. ಪಿಆರ್ ಎಂಟಕ್ಕೆ ಏಳು: ಸುಮಾರು 60 ಶೇಕಡಾ ಜೀವಕೋಶಗಳಲ್ಲಿ, ಗಾಢವಾಗಿ. ಒಂದು ಶೇಕಡಾ ಇದ್ದರೂ ಪಾಸಿಟಿವ್ ಎಂದು ಬರೆಯುವ ಪರೀಕ್ಷೆ ಇದು.

ಕ್ಯಾನ್ಸರ್ ವೈದ್ಯರು ಕೂಡಿ ನಿರ್ಧರಿಸುವ ಟ್ಯೂಮರ್ ಬೋರ್ಡ್ ಕೀಮೋ ಬೇಡವೆಂದಿತು. ಟ್ಯಾಮೊಕ್ಸಿಫೆನ್ 20 ಮಿಲಿಗ್ರಾಂ, ದಿನಕ್ಕೊಂದು, ಮೊದಲಿಗೆ ಐದು ವರ್ಷ. ಆಮೇಲೆ ಮುಂದುವರಿಸಬೇಕೇ ಎಂದು ನೋಡುವುದು.

ಆ ಮಾತ್ರೆಗಳ ಮಾತು

ಆಕೆ ಮತ್ತೆ ಬಂದರು. ಕವರು ಈ ಸಲವೂ ಕೈಯಲ್ಲಿತ್ತು. ಆದರೆ ಈಗ ಪ್ರಶ್ನೆ ಮೊದಲಿಗಿಂತ ತೂಕದ್ದಾಗಿತ್ತು: ಗೆಡ್ಡೆಗೆ ಪ್ರೊಜೆಸ್ಟಿರೋನ್ ಕೇಳಿಸುತ್ತದೆ ಎಂದು ಈಗ ನಾವೇ ಹೇಳಿದ್ದೇವೆ. ಹಾಗಾದರೆ ಮಾತ್ರೆ ತಿಂದದ್ದು ತಪ್ಪೇ?

ನಾನು ಆಕೆಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಂದೇ ಹಾರ್ಮೋನು ಗರ್ಭಕೋಶದಲ್ಲಿ ಒಂದು ಕೆಲಸ ಮಾಡುತ್ತದೆ, ಎದೆಯಲ್ಲಿ ಇನ್ನೊಂದು. ಗರ್ಭಕೋಶದ ಒಳಪದರವನ್ನು ಈಸ್ಟ್ರೋಜೆನ್ ಬೆಳೆಸುತ್ತದೆ, ಪ್ರೊಜೆಸ್ಟಿರೋನ್ ಆ ಬೆಳೆಯನ್ನು ನಿಲ್ಲಿಸಿ ಹದಕ್ಕೆ ತರುತ್ತದೆ. ರಕ್ತಸ್ರಾವ ನಿಲ್ಲದಾಗ ಆಕೆಗೆ ಡಾಕ್ಟರಮ್ಮ ಆ ಮಾತ್ರೆ ಕೊಟ್ಟದ್ದು ಇದೇ ಲೆಕ್ಕದ ಮೇಲೆ, ಸರಿಯಾಗಿಯೇ ಕೊಟ್ಟರು. ಎದೆಯಲ್ಲಿ ಹಾಗಲ್ಲ. ಪ್ರತಿ ತಿಂಗಳು ಮುಟ್ಟಿಗೆ ಮೊದಲಿನ ಎರಡು ವಾರ, ಅಂಡಾಶಯ ಪ್ರೊಜೆಸ್ಟಿರೋನ್ ಸುರಿಸುವಾಗಲೇ, ಹಾಲಿನ ನಾಳದ ಜೀವಕೋಶಗಳು ಹೆಚ್ಚು ವಿಭಜನೆಯಾಗುತ್ತವೆ. ಎದೆ ಬಿಗಿದು ನೋಯುವ ದಿನಗಳೂ ಅವೇ.

ಅದರಲ್ಲೊಂದು ವಿಶೇಷವಿದೆ. ಆರೋಗ್ಯವಾದ ಎದೆಯಲ್ಲಿ ಪಿಆರ್ ಹೊತ್ತ ಜೀವಕೋಶ ಬಹುಮಟ್ಟಿಗೆ ತಾನು ವಿಭಜನೆಯಾಗುವುದಿಲ್ಲ. ಅದು ತೋಟದ ಮೇಸ್ತ್ರಿಯ ಹಾಗೆ. ತಾನು ಬುಟ್ಟಿ ಕಟ್ಟಿಕೊಳ್ಳದೆ, ಪಕ್ಕದವರನ್ನು ಕೂಗಿ ಕೆಲಸಕ್ಕೆ ಇಳಿಸುತ್ತದೆ. ಆ ಕೂಗು ಎಂದರೆ ರ‍್ಯಾಂಕ್-ಎಲ್, ಡಬ್ಲ್ಯುಎನ್‌ಟಿ-4 ಎಂಬ ಪ್ರೋಟೀನುಗಳು. 2010ರಲ್ಲಿ ಇಲಿಗಳ ಮೇಲೆ ನಡೆದ ಎರಡು ಅಧ್ಯಯನಗಳು ಈ ಕೂಗಿಗೆ ಸ್ತನದ ಕಾಂಡಕೋಶಗಳೇ ಓಗೊಡುತ್ತವೆಂದು ತೋರಿಸಿದವು, ಆ ಕಾಂಡಕೋಶಗಳಲ್ಲಿ ಹಾರ್ಮೋನು ರಿಸೆಪ್ಟರೇ ಇಲ್ಲದಿದ್ದರೂ. ಕ್ಯಾನ್ಸರಾದಾಗ ಈ ಶಿಸ್ತು ಮುರಿಯುತ್ತದೆ. ಮೇಸ್ತ್ರಿಯೇ ಬುಟ್ಟಿ ಕಟ್ಟಿಕೊಂಡು ನಿಲ್ಲುತ್ತಾನೆ. ರಿಸೆಪ್ಟರ್ ಇರುವ ಜೀವಕೋಶವೇ ವಿಭಜನೆಯಾಗತೊಡಗುತ್ತದೆ.

ಹಾಗೆಂದು ಪ್ರೊಜೆಸ್ಟಿರೋನನ್ನು ಕ್ಯಾನ್ಸರಿನ ಗೊಬ್ಬರವೆಂದು ಕರೆದುಬಿಟ್ಟರೆ ಅನ್ಯಾಯವಾಗುತ್ತದೆ, ಈ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಟಿ-47-ಡಿ ಎಂಬ ಸ್ತನ ಕ್ಯಾನ್ಸರ್ ಜೀವಕೋಶಗಳಿಗೆ ಪ್ರೊಜೆಸ್ಟಿರೋನ್ ಕೊಟ್ಟರೆ ಮೊದಲ ಒಂದು ಸುತ್ತು ಬೇಗ ವಿಭಜನೆಯಾಗುತ್ತವೆ, ಆಮೇಲೆ ಕಾಲು ಕಟ್ಟಿದಂತೆ ನಿಂತುಬಿಡುತ್ತವೆ. ಮೆಜೆಸ್ಟ್ರಾಲ್ ಎಂಬ ಪ್ರೊಜೆಸ್ಟಿರೋನ್ ಜಾತಿಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಹರಡಿದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮಾಡಿದ ದಶಕಗಳೇ ಇವೆ. 2015ರಲ್ಲಿ ಕೇಂಬ್ರಿಜ್‌ನ ಜೇಸನ್ ಕ್ಯಾರಲ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರೊಜೆಸ್ಟಿರೋನ್ ಬಂದು ಎಬ್ಬಿಸಿದಾಗ ಪಿಆರ್ ಹೋಗಿ ಈಆರ್ ಪಕ್ಕ ನಿಲ್ಲುತ್ತದೆ. ಈಆರ್ ಡಿಎನ್‌ಎ ಮೇಲೆ ಕೂರುತ್ತಿದ್ದ ಜಾಗವನ್ನೇ ಬದಲಿಸಿ, ಬೆಳೆಸುವ ಜೀನುಗಳಿಂದ ಬೇರೆ ಕಡೆ ಎಳೆಯುತ್ತದೆ. ಮಾನವ ಗೆಡ್ಡೆ ನೆಟ್ಟ ಇಲಿಗಳಲ್ಲಿ ಪ್ರೊಜೆಸ್ಟಿರೋನ್ ಸೇರಿದಾಗ ಈಸ್ಟ್ರೋಜೆನ್ ಬೆಳೆಸುತ್ತಿದ್ದ ಗೆಡ್ಡೆ ಕುಗ್ಗಿತು, ಟ್ಯಾಮೊಕ್ಸಿಫೆನ್ ಜೊತೆಗೆ ಕೊಟ್ಟಾಗ ಇನ್ನಷ್ಟು ಕುಗ್ಗಿತು. ಆಕೆಯ ಗೆಡ್ಡೆಯಲ್ಲಿ ಪಿಆರ್ ಇರುವುದು ಒಳ್ಳೆಯ ಲಕ್ಷಣ ಏಕೆ ಎನ್ನುವುದಕ್ಕೆ ಇದೂ ಒಂದು ಉತ್ತರ.

ನಮ್ಮ ದೇಶದಲ್ಲೇ, ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಆಪರೇಷನ್ನಿಗೆ 5ರಿಂದ 14 ದಿನ ಮೊದಲು ಹೈಡ್ರಾಕ್ಸಿಪ್ರೊಜೆಸ್ಟಿರೋನ್ 500 ಮಿಲಿಗ್ರಾಂನ ಒಂದೇ ಒಂದು ಇಂಜೆಕ್ಷನ್ ಕೊಟ್ಟು ನೋಡಿದರು. ಫಲಿತಾಂಶ 2011ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ಖಚಿತ ಲಾಭ ಕಾಣಲಿಲ್ಲ. ಕಂಕುಳಿನ ಗ್ರಂಥಿಗೆ ಹರಡಿದ್ದವರಲ್ಲಿ ಮಾತ್ರ ಲಾಭ ಕಂಡಿತು.

ಇನ್ನೊಂದು ಬದಿಯ ಲೆಕ್ಕವೂ ಇದೆ, ಅದನ್ನು ಮರೆಮಾಚಬಾರದು. ಮುಟ್ಟು ನಿಂತ 16,608 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಈಸ್ಟ್ರೋಜೆನ್ ಜೊತೆಗೆ ಮೆಡ್ರಾಕ್ಸಿಪ್ರೊಜೆಸ್ಟಿರೋನ್ ಎಂಬ ಕೃತಕ ಹಾರ್ಮೋನನ್ನು ಸರಾಸರಿ ಐದು ವರ್ಷದಷ್ಟು ಕಾಲ, ದಿನವೂ ತೆಗೆದುಕೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟು ಸ್ತನ ಕ್ಯಾನ್ಸರ್ ಹೆಚ್ಚು ಕಂಡಿದ್ದವು. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಆ ಏರಿಕೆ ಕಾಣಲಿಲ್ಲ. 2017ರಲ್ಲಿ ಡೆನ್ಮಾರ್ಕಿನ 18 ಲಕ್ಷ ಹೆಂಗಸರ ದಾಖಲೆ ನೋಡಿದಾಗ, ಹಾರ್ಮೋನಿನ ಗರ್ಭನಿರೋಧಕ ಬಳಸುವ ಸುಮಾರು 7,690 ಹೆಂಗಸರಿಗೆ ವರ್ಷಕ್ಕೆ ಒಂದು ಕ್ಯಾನ್ಸರ್ ಹೆಚ್ಚು. ಬಳಸಿದ ವರ್ಷಗಳು ಹೆಚ್ಚಿದಂತೆ ಅಪಾಯವೂ ಏರಿತ್ತು.

ಇದನ್ನೆಲ್ಲ ಆಕೆಯ ಸ್ಟ್ರಿಪ್‌ಗಳ ಪಕ್ಕ ಇಟ್ಟು ನೋಡಿದೆ. ಒಟ್ಟು ಸೇರಿಸಿದರೆ ಎರಡು ತಿಂಗಳಿನಷ್ಟೂ ಆಗದ ಮಾತ್ರೆ, ನಾಲ್ಕೈದು ವರ್ಷದಲ್ಲಿ ಚದುರಿಹೋಗಿದೆ. ಒಂದು ಸೆಂಟಿಮೀಟರ್ ಗೆಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ. ಒಂದು ಜೀವಕೋಶ ಅಷ್ಟಾಗಬೇಕಾದರೆ ಮೂವತ್ತು ಸಲ ಇಮ್ಮಡಿಯಾಗಬೇಕು, ಒಂದೊಂದು ಇಮ್ಮಡಿಗೆ ತಿಂಗಳುಗಳು ಹಿಡಿಯುತ್ತವೆ. ಅಕ್ಟೋಬರಿನಲ್ಲಿ ದೇವಿ ದರ್ಶನಕ್ಕೆಂದು ತಿಂದ ಮಾತ್ರೆ ಡಿಸೆಂಬರಿನ ಗಂಟನ್ನು ಮಾಡಲಾರದು. ಆ ಗಂಟು ಆಕೆ ಮೊದಲ ಸ್ಟ್ರಿಪ್ ಕೊಳ್ಳುವ ಮುಂಚೆಯೇ ಒಳಗೆಲ್ಲೋ ಶುರುವಾಗಿದ್ದಿರಬೇಕು.

"ನೀವು ಮಾಡ್ಕಂಡಿದ್ದಲ್ಲ ಅಕ್ಕ" ಎಂದೆ. "ಆ ಮಾತ್ರೆಗಳ ಮೇಲೆ ನಾನು ಆರೋಪ ಹೊರಿಸಲ್ಲ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೇರೆ ಏನೋ ಕೇಳಿದರು: ಮುಂದಿನ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಮುಟ್ಟು ಬರೋ ಹಾಗಿದ್ದರೆ? ಇನ್ನು ಈ ಮಾತ್ರೆ ಬೇಡ ಎಂದೆ. ರಿಸೆಪ್ಟರ್ ಪಾಸಿಟಿವ್ ಕ್ಯಾನ್ಸರ್ ಬಂದವರು ಹಾರ್ಮೋನು ಮಾತ್ರೆ, ಹಾರ್ಮೋನು ಇಂಜೆಕ್ಷನ್, ಕಾಪರ್-ಟಿ ಥರ ಕಾಣುವ ಆದರೆ ಹಾರ್ಮೋನು ತುಂಬಿದ ಸಾಧನ ಯಾವುದನ್ನೂ ಹಾಕಿಸಿಕೊಳ್ಳಬಾರದು. ಬೇರೆ ಯಾವ ಡಾಕ್ಟರ ಬಳಿ ಹೋದರೂ ಮೊದಲು ಕ್ಯಾನ್ಸರಿನ ಮಾತು ಹೇಳಬೇಕು. ಟ್ಯಾಮೊಕ್ಸಿಫೆನ್ ತಿನ್ನುವಾಗ ಮುಟ್ಟು ಏರುಪೇರಾಗಬಹುದು, ನಿಲ್ಲಲೂಬಹುದು. ಆದರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ, ಅದಕ್ಕೆ ಹಾರ್ಮೋನಿಲ್ಲದ ದಾರಿಗಳಿವೆ. ವಿಪರೀತ ರಕ್ತಸ್ರಾವವಾದರೆ, ಮೀನಖಂಡ ಊದಿ ನೋವಾದರೆ ತಕ್ಷಣ ಬರಬೇಕು.

ಈಗ ಎರಡು ವರ್ಷವಾಗುತ್ತಾ ಬಂತು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾರೆ. ಎಡಗೈ ಸ್ವಲ್ಪ ಬಾವು ಬರುತ್ತದೆ, ಕೊಯ್ಲಿನಲ್ಲಿ ಭಾರದ ಚೀಲ ಎತ್ತುವುದನ್ನು ಗಂಡನಿಗೆ ಬಿಟ್ಟಿದ್ದಾರೆ. ಬಲ ಎದೆಯ ಮ್ಯಾಮೋಗ್ರಾಂ ವರ್ಷಕ್ಕೊಮ್ಮೆ ಆಗುತ್ತಿದೆ, ಸದ್ಯ ಎಲ್ಲ ಸರಿಯಾಗಿದೆ.

ಆ ನರ್ಸಿಂಗ್ ಹೋಮಿಗೆ ನಾನು ಒಂದು ಮಧ್ಯಾಹ್ನ ಹೋಗಿ ಬಂದೆ. ಅಗಲ ಬಾಯಿಯ ಡಬ್ಬಿಗಳನ್ನೂ ಬಫರ್ಡ್ ಫಾರ್ಮಾಲಿನ್ನಿನ ಐದು ಲೀಟರಿನ ಕ್ಯಾನನ್ನೂ ಕೊಟ್ಟು, ಗಂಟನ್ನು ಹೇಗೆ ಸೀಳಬೇಕೆಂದು ಸಿಸ್ಟರಿಗೆ ತೋರಿಸಿದೆ. ನನ್ನ ಲ್ಯಾಬಿನ ವರದಿಯಲ್ಲಿ ಈಗ ಎರಡು ಸಾಲು ಹೆಚ್ಚಾಗಿದೆ: ಫಾರ್ಮಾಲಿನ್ನಿನಲ್ಲಿದ್ದ ಗಂಟೆಗಳು, ಪಕ್ಕದ ಆರೋಗ್ಯವಂತ ನಾಳ ಬಣ್ಣ ಹಿಡಿಯಿತೋ ಇಲ್ಲವೋ. ಹೋದ ವಾರ ಅಲ್ಲಿಂದ ಬಂದ ಡಬ್ಬಿಯ ಲೇಬಲ್ ಮೇಲೆ ಬಾಲ್‌ಪೆನ್ನಿನಲ್ಲಿ ದುಂಡಗೆ ಬರೆದಿತ್ತು: ತೆಗೆದದ್ದು 11.20, ಫಾರ್ಮಾಲಿನ್ 11.35.